ಲಿಫ್ಟ್ ಮೇಷ್ಟ್ರ ಹಿತ್ತಾಳೆ ಹಿಡಿ

ನಾಲ್ಕನೇ ಮಹಡಿಯ ಟೈಪಿಸ್ಟಮ್ಮನ ಮಗಳಿಗೆ ಶಾಲೆಯಲ್ಲಿ ಎರಡು ಪದ ಕೊಟ್ಟು, ದಿನಬಳಕೆಯ ಉದಾಹರಣೆ ಬರೆದು ತರಲು ಹೇಳಿದ್ದರು. ಒಂದು ಕಾರ್ಯಕಾರಣ, ಇನ್ನೊಂದು ಕಾಕತಾಳೀಯ. ಮೇಷ್ಟ್ರ ನೌಕರಿಗೆ ಸಂಚಕಾರ ಬಂದದ್ದು ಈ ಎರಡು ಪದಗಳಿಂದ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಆರು ಮಹಡಿಯ ಆ ಹಳೆಯ ಕಚೇರಿ ಕಟ್ಟಡದಲ್ಲಿ ಹನ್ನೊಂದು ವರ್ಷದಿಂದ ಲಿಫ್ಟ್ ನಡೆಸುತ್ತಿದ್ದವರು. ಸ್ಟೂಲಿನ ಮೇಲೆ ಕೂತು ಗೋಡೆಯ ಹಿತ್ತಾಳೆ ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ. ಬಾಗಿಲು ಮುಚ್ಚಿದೊಡನೆ ಅವರ ಕಣ್ಣೂ ಅರ್ಧ ಮುಚ್ಚುತ್ತಿತ್ತು. ಜಾಲರಿಯಾಚೆ ಮಹಡಿಗಳು ಮೋಡಗಳ ಹಾಗೆ ಮೆಲ್ಲಗೆ ಕೆಳಗಿಳಿದು ಹೋಗುತ್ತಿದ್ದವು. ಆ ಅರೆಗನಸಿನಲ್ಲೇ ಅವರು ಕೇಳಿದವರಿಗೆಲ್ಲ ಅರ್ಥ ಹೇಳುತ್ತಿದ್ದರು. ಜಡತ್ವವೆಂದರೆ ಲಿಫ್ಟ್ ನಿಂತ ಮೇಲೂ ಹೊಟ್ಟೆ ಇನ್ನರ್ಧ ಅಡಿ ಮೇಲೆ ಹೋಗುವುದು. ಸಾಪೇಕ್ಷತೆಯೆಂದರೆ ಶೌಚಾಲಯಕ್ಕೆ ಹೊರಟವನಿಗೆ ಎರಡು ಮಹಡಿ ಎರಡು ಗಾವುದವಾಗುವುದು. ಕರ್ಮಣಿ ಪ್ರಯೋಗವೆಂದರೆ ‘ಚಹಾ ಚೆಲ್ಲಲ್ಪಟ್ಟಿತು’ ಎಂದು ಹೇಳಿ ಚೆಲ್ಲಿದವರನ್ನು ಉಳಿಸುವುದು. ಅರ್ಥ ಪೂರ್ತಿಯಾಗದಿದ್ದರೆ ಜನ ಇನ್ನೊಂದು ಸುತ್ತು ಹೋಗಿ ಬರುತ್ತಿದ್ದರು.

ಮೂರು ವರ್ಷದ ಹಿಂದೆ ಕಟ್ಟಡದ ಮೆಕ್ಯಾನಿಕ್ ಲಿಫ್ಟ್ ರಿಪೇರಿ ಮಾಡಿದಾಗ ಹಿಡಿಯ ಪಕ್ಕದಲ್ಲಿ ಅಂಕಿಯ ಗುಂಡಿಗಳೂ ಬಂದವು. ಬಂದವರು ಗುಂಡಿ ಒತ್ತುವರು, ಮೇಷ್ಟ್ರು ಹಿಡಿ ತಿರುಗಿಸುವರು. ಗುಂಡಿ ವಿಳಾಸವಿದ್ದ ಹಾಗೆ, ಒಯ್ದು ಮುಟ್ಟಿಸುವ ಅಂಚೆಯವನು ಹಿಡಿ ಎಂದು ಅವರು ಅದಕ್ಕೂ ಅರ್ಥ ಹೇಳಿದ್ದರು. ಮಧ್ಯಾಹ್ನ ಬಾಗಿಲಿಗೆ ‘ಲಿಫ್ಟ್ ಊಟಕ್ಕೆ ಹೋಗಿದೆ’ ಎಂಬ ಹಲಗೆ ತೂಗುಹಾಕುವರು. ಯಾರೂ ಆ ಹಲಗೆಯ ಮಾತು ಮೀರಿದ್ದಿಲ್ಲ.

“ಕಾರ್ಯಕಾರಣ ಸುಲಭ ಕಣಮ್ಮಾ,” ಎಂದರು ಮೇಷ್ಟ್ರು, ಬೆಳಿಗ್ಗೆ ಲಿಫ್ಟ್ ಹತ್ತಿದ ಟೈಪಿಸ್ಟಮ್ಮನಿಗೆ. “ಇಗೋ, ಹಿಡಿ ತಿರುಗಿಸ್ದೆ. ಲಿಫ್ಟ್ ಏರ್ತು.”

ಕಾಕತಾಳೀಯಕ್ಕೆ ಅವರು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕತೆ ಹೇಳಿದರು. ಅದು ಪುಸ್ತಕದಲ್ಲೇ ಇದೆಯಂತೆ, ಕಣ್ಣೆದುರು ನಡೆಯುವಂಥದ್ದು ಬೇಕಂತೆ ಎಂದರು ಟೈಪಿಸ್ಟಮ್ಮ. ಸಂಜೆಯೊಳಗೆ ಹುಡುಕಿಕೊಡುತ್ತೇನೆಂದು ಮೇಷ್ಟ್ರು ಮಾತು ಕೊಟ್ಟರು. ಆದರೆ ಹತ್ತು ಸಲ ಏರಿಳಿದರೂ ಒಂದು ಉದಾಹರಣೆಯೂ ಹೊಳೆಯಲಿಲ್ಲ.

ಅಷ್ಟರಲ್ಲಿ ವಾಚ್‌ಮನ್ ಬಂದ. ಕಟ್ಟಡದ ಹೊಸ ಯಜಮಾನರು ಹನ್ನೊಂದು ಗಂಟೆಗೆ ಬರುತ್ತಾರೆ, ಯಾಕೆಂದು ಯಾರಿಗೂ ಹೇಳಿಲ್ಲ, ಲಿಫ್ಟಿಗೆ ಆಳು ಯಾಕೆ ಎಂದು ಕೇಳುವುದಕ್ಕೇ ಇರಬೇಕು ಎಂದ. ಮೇಷ್ಟ್ರು ಸ್ಟೂಲಿನ ಅಂಚು ಹಿಡಿದುಕೊಂಡರು. ಈ ಸ್ಟೂಲು ಬಿಟ್ಟರೆ ಜಗತ್ತಿನಲ್ಲಿ ಅವರ ಮಾತು ಕೇಳುವ ಜಾಗ ಇನ್ನೊಂದಿರಲಿಲ್ಲ. ಮನೆಯಲ್ಲಂತೂ ಹೆಂಡತಿಯೇ ಅವರಿಗೆ ಅರ್ಥ ಹೇಳುತ್ತಿದ್ದಳು.

“ಹೊಗಳಿಕೊಂಡರೆ ಆಗಲ್ಲ ಮೇಷ್ಟ್ರೇ,” ಎಂದ ವಾಚ್‌ಮನ್. “ಇದ್ದಾಗ ಯಾರಿಗೂ ಬೆಲೆ ಗೊತ್ತಾಗಲ್ಲ. ಅರ್ಧ ಗಂಟೆ ಮಾಯವಾಗಿ ನೋಡಿ.”

ಮೇಷ್ಟ್ರಿಗೆ ಇದು ಶಾಸ್ತ್ರಸಮ್ಮತವೆನಿಸಿತು. ಕಾರಣವಿಲ್ಲದೆ ಕಾರ್ಯವಿಲ್ಲ. ಕಾರಣವನ್ನು ಎತ್ತಿಟ್ಟರೆ ಯಜಮಾನರು ಆರು ಮಹಡಿ ಹತ್ತಿ, ಏದುಸಿರು ಬಿಡುತ್ತ ಅರ್ಥ ಮಾಡಿಕೊಳ್ಳುತ್ತಾರೆ. ಮೇಷ್ಟ್ರು ಸ್ಕ್ರೂ ಬಿಚ್ಚಿ ಹಿಡಿಯನ್ನು ಕಿತ್ತು ಜೇಬಿಗಿಳಿಸಿದರು. ಊಟದ ಹಲಗೆಯನ್ನು ಬೇಕೆಂದೇ ತೂಗುಹಾಕಲಿಲ್ಲ. ಮೆಟ್ಟಿಲ ಬಳಿ ಎದುರಾದ ಮೆಕ್ಯಾನಿಕ್ ಜೇಬಿನಿಂದ ಇಣುಕುತ್ತಿದ್ದ ಹಿಡಿ ನೋಡಿ ಬಿಳಿಚಿಕೊಂಡ.

“ಬೇಡ ಮೇಷ್ಟ್ರೇ. ಬೇರೆ ಏನಾದ್ರೂ ಮಾಡಿ, ಹಿಡಿ ಮಾತ್ರ ವಾಪಸ್ ಹಾಕಿಬಿಡಿ.”

ನನ್ನ ಬೆಲೆ ಇವನಿಗಾದರೂ ಗೊತ್ತಿದೆಯಲ್ಲ ಎಂದು ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಅವನ ಬೆನ್ನು ತಟ್ಟಿ ತಾರಸಿಗೆ ಹತ್ತಿದರು.

ನೀರಿನ ಟ್ಯಾಂಕಿನ ನೆರಳಿನಲ್ಲಿ ತಂಗಾಳಿಯಿತ್ತು. ಹಿಡಿಯನ್ನು ಎದೆಗವುಚಿಕೊಂಡು ಒರಗಿದ್ದೇ ತಡ, ನಿದ್ದೆ ಹತ್ತಿತು. ಕನಸಿನಲ್ಲಿ ಇಡೀ ಕಟ್ಟಡ ನಿಂತುಹೋಗಿತ್ತು. ಗುಮಾಸ್ತರು ಕಡತ ಹಿಡಿದು ಕೆಳಗೇ ನಿಂತು ಮೇಲೆ ನೋಡುತ್ತಿದ್ದರು. ಯಜಮಾನರು ಕೈಮುಗಿದಿದ್ದರು. ಮೇಷ್ಟ್ರು ಗಾಳಿಯಲ್ಲಿ ಹಿಡಿ ತಿರುಗಿಸಿದರು. ಕಟ್ಟಡವೇ ನೆಲ ಬಿಟ್ಟು, ಹತ್ತಿಯ ಹಾಗೆ ಹಗುರವಾಗಿ ಏರತೊಡಗಿತು.

‘ಟಿಂಗ್’ ಎಂದಿತು ಆರನೇ ಮಹಡಿಯ ಲಿಫ್ಟಿನ ಗಂಟೆ.

ಕಣ್ಣು ಬಿಟ್ಟಾಗ ಎದುರಿಗೆ ಯಜಮಾನರಿದ್ದರು. ಏದುಸಿರಿರಲಿ, ಹಣೆಯ ಮೇಲೆ ಒಂದು ಹನಿ ಬೆವರೂ ಇರಲಿಲ್ಲ. ಹಿಂದೆ ಮೆಕ್ಯಾನಿಕ್ ತಲೆ ತಗ್ಗಿಸಿ ನಿಂತಿದ್ದ.

“ಲಿಫ್ಟ್ ಹೇಗೆ ಬಂತು?” ಎಂದು ಮೇಷ್ಟ್ರು ಕೇಳಿಯೇಬಿಟ್ಟರು.

“ಗುಂಡಿ ಒತ್ತಿದೆ, ಬಂತು,” ಎಂದರು ಯಜಮಾನರು. “ನಿಮ್ಮ ಕೈಲಿರೋದು ಏನು?”

ಮೆಕ್ಯಾನಿಕ್ ಒಪ್ಪಿಕೊಳ್ಳಲೇಬೇಕಾಯಿತು. ಮೂರು ವರ್ಷದ ಹಿಂದೆ ಗುಂಡಿ ಕೂರಿಸಿದಾಗಲೇ ಹಿಡಿಯ ತಂತಿ ಕತ್ತರಿಸಿದ್ದ. ಹೇಳಬೇಕೆಂದು ಹೋದಾಗ ಮೇಷ್ಟ್ರು ಹುಣಸೆಹಣ್ಣು ಹಚ್ಚಿ ಹಿಡಿ ಉಜ್ಜುತ್ತಿದ್ದರಂತೆ. ಬಾಯಿ ಬರಲಿಲ್ಲವಂತೆ.

“ನಾನು ಬಂದಿದ್ದು ಈ ಟ್ಯಾಂಕ್ ನೋಡೋಕೆ,” ಎಂದರು ಯಜಮಾನರು. “ಲಿಫ್ಟಿನ ವಿಚಾರ ನನ್ನ ತಲೆಯಲ್ಲೇ ಇರಲಿಲ್ಲ. ಈಗ ಬಂತು.”

ನಾಳೆಯಿಂದ ಲಿಫ್ಟಿಗೆ ಯಾರೂ ಬೇಡ, ತಾರಸಿ ಇಷ್ಟವಾದ ಹಾಗಿದೆ, ಇಲ್ಲೇ ಇದ್ದು ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಿ ಟ್ಯಾಂಕ್ ತುಂಬಿಸಿ ಎಂದು ಹೇಳಿ ಅವರು ಇಳಿದುಹೋದರು. ಲಿಫ್ಟಿನಲ್ಲೇ ಹೋದರು.

ಸಂಜೆ ಟೈಪಿಸ್ಟಮ್ಮ ಬಂದಾಗ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಕೊಟ್ಟ ಮಾತಿಗೆ ತಪ್ಪಲಿಲ್ಲ.

“ಕಾಕತಾಳೀಯಕ್ಕೆ, ಮೇಷ್ಟ್ರು ಹಿಡಿ ತಿರುಗಿಸಿದರು, ಲಿಫ್ಟ್ ಏರಿತು ಅಂತ ಬರೆಸಿ. ಕಾರ್ಯಕಾರಣಕ್ಕೆ, ಮೇಷ್ಟ್ರು ಅಡಗಿಕೊಂಡರು, ಕೆಲಸ ಹೋಯಿತು ಅಂತ.”

ಮಗಳಿಗೆ ಹತ್ತಕ್ಕೆ ಹತ್ತು ಬಂತು.

ಮರುದಿನ ತಾರಸಿಯಲ್ಲಿ ಮೇಷ್ಟ್ರು ವಾಲ್ವ್ ತಿರುಗಿಸಿದರು. ಒಳಗೆ ಜುಳುಜುಳು ಶುರುವಾಯಿತು. ಅವರ ಕಣ್ಣು ಮೆಲ್ಲಗೆ ಅರ್ಧ ಮುಚ್ಚಿತು. ಆಮೇಲೆ ಏನೋ ನೆನಪಾಗಿ, ಪಕ್ಕದಲ್ಲಿ ಪೈಪು ನೋಡುತ್ತಿದ್ದ ಮೆಕ್ಯಾನಿಕ್‌ನತ್ತ ತಿರುಗಿದರು.

“ಇದಾದ್ರೂ ಒಳಗೆ ತಾಗಿಕೊಂಡಿದೆ ತಾನೇ?”

ಮೆಕ್ಯಾನಿಕ್ ಮತ್ತೆ ಪೈಪಿನತ್ತ ಬಗ್ಗಿದ.

“ತಿರುಗಿಸ್ತಾ ಇರಿ ಮೇಷ್ಟ್ರೇ,” ಎಂದ. “ಕೈಗೆ ಒಳ್ಳೇದು.”