ಉಪ ತಾಲ್ಲೂಕಿನ ಗಡಿ

ನನಗೆ ಹಸಿವು ತಡೆಯಲಾಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಹಸಿದಾಗ ಬೇರೆಯವರು ದೇವರನ್ನು ನೆನೆಯುತ್ತಾರಂತೆ; ನಾನು ಅಡುಗೆಮನೆಯ ಬಾಗಿಲಲ್ಲಿ ಅಡ್ಡಾಡುತ್ತೇನೆ. ಮಹಾರಾಜರ ಕಾಲದ ನಮ್ಮ ಪುಟ್ಟ ಮೈಸೂರು ರಾಜ್ಯವನ್ನು ಜಿಲ್ಲೆ, ತಾಲ್ಲೂಕು, ಉಪ ತಾಲ್ಲೂಕು, ಹೋಬಳಿ ಎಂದು ಹೋಳು ಮಾಡಿದ್ದರಲ್ಲ, ಆ ವ್ಯವಸ್ಥೆ ನನಗೆ ಮನದಟ್ಟಾದದ್ದು ಶಾಲೆಯಲ್ಲಲ್ಲ. ನನ್ನ ಮದುವೆಯ ಹಿಂದಿನ ದಿನ, ಖಾಲಿ ಹೊಟ್ಟೆಯಲ್ಲಿ.

ಆಗ ಮಧುಗಿರಿಯನ್ನು ಮದ್ದಗಿರಿ ಎನ್ನುತ್ತಿದ್ದರು. ನಮ್ಮದು ಪೂರ್ತಿ ತಾಲ್ಲೂಕು. ಅಮಲ್ದಾರರಿದ್ದರು, ಕಚೇರಿಯಿತ್ತು, ಎಲ್ಲಕ್ಕೂ ಮೇಲೆ ಆ ಬೋಳು ಬೆಟ್ಟವಿತ್ತು. ಕೊರಟಗೆರೆ ನಮ್ಮ ಕೈಕೆಳಗಿನ ಉಪ ತಾಲ್ಲೂಕು. ಅಲ್ಲಿ ಬರೀ ಡೆಪ್ಯುಟಿ ಅಮಲ್ದಾರರು. ನಮ್ಮ ದೊಡ್ಡಪ್ಪ ತಾಲ್ಲೂಕು ಕಚೇರಿಯ ಶಿರಸ್ತೇದಾರರು. ಈ ಮೇಲು ಕೀಳು ಅವರಿಗೆ ಕಚೇರಿ ಮುಚ್ಚಿದ ಮೇಲೂ ಮರೆಯುತ್ತಿರಲಿಲ್ಲ. ಕೊರಟಗೆರೆಯಿಂದ ಮಾವಿನಹಣ್ಣು ಬಂದರೂ ತಮ್ಮ ಸಹಿಗೆ ಬಂದ ಕಾಗದದ ಹಾಗೆ ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದರು. ಅಂಥವರ ತಮ್ಮನ ಮಗನಾದ ನನಗೆ ಕೊರಟಗೆರೆಯ ಹೆಣ್ಣೇ ಗೊತ್ತಾಯಿತು. ಹುಡುಗಿಯ ತಂದೆ ಅದೇ ಡೆಪ್ಯುಟಿ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ಹುಡುಗಿಯನ್ನು ನಾನು ನೋಡಿದ್ದು ಒಂದೇ ಸಲ, ಅದೂ ಉಪ್ಪಿಟ್ಟಿನ ತಟ್ಟೆಯ ಮೇಲಿಂದ. ಆದರೂ ಮನಸ್ಸು ಅಲ್ಲೇ ನಿಂತುಬಿಟ್ಟಿತ್ತು.

ಇದಕ್ಕೆ ಮುಂಚೆ ನಮ್ಮಣ್ಣನ ಮದುವೆ ಪಾವಗಡದಲ್ಲಿ ಆಗಿತ್ತು. ಪಾವಗಡಕ್ಕೆ ಹೋಗಬೇಕಾದರೆ ಮಿಡಿಗೇಶಿ ದಾಟಿ, ನಡುವೆ ಬ್ರಿಟಿಷರ ಸೀಮೆಯನ್ನು ತುಳಿದು, ಮತ್ತೆ ಮಹಾರಾಜರ ನೆಲಕ್ಕೆ ಬರಬೇಕು. ಆ ಬೀಗರು ತಮ್ಮ ತಾಲ್ಲೂಕಿನ ಗಡಿಗೇ ಓಲಗ, ಪಾನಕ ತಂದು, "ದಯಚೇಯಂಡಿ" ಎಂದು ತೆಲುಗಿನಲ್ಲಿ ಬಾಗಿ ಎದುರುಗೊಂಡಿದ್ದರು. ದೊಡ್ಡಪ್ಪನಿಗೆ ಅದು ತಲೆಗೇರಿತು. ಊರಬಾಗಿಲಲ್ಲಿ ಎದುರುಗೊಳ್ಳುವುದು ಕಂಡಕಂಡವರಿಗೆ, ನಮಗೆ ಗಡಿಯಲ್ಲೇ ಆಗಬೇಕು ಎಂದು ತೀರ್ಮಾನಿಸಿದರು. ಅದನ್ನು ಕೊರಟಗೆರೆಯವರಿಗೆ ಮುಂಚಿತವಾಗಿ ತಿಳಿಸಬೇಕೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಹೀಗಾಗಿ ನಮ್ಮ ದಿಬ್ಬಣದ ಗಾಡಿಗಳು ಕೊರಟಗೆರೆ ಸರಹದ್ದಿನ ಕಲ್ಲಿನ ಬಳಿ, ಒಂದು ಹುಣಸೆಮರದ ಕೆಳಗೆ ನಿಂತವು. ಬೆಳಗಿನ ಜಾವ ಹೊರಟವರು ನಾವು. ಬೀಗರ ಊರಿಗೆ ಬುತ್ತಿ ಕಟ್ಟಿಕೊಂಡು ಹೋಗುವುದು ಅವಮಾನವೆಂದು ದೊಡ್ಡಪ್ಪ ಒಂದು ಹಿಡಿ ಪುರಿಯನ್ನೂ ತರಗೊಟ್ಟಿರಲಿಲ್ಲ. ಗಡಿಗೆ ಬಂದು ಎದುರುಗೊಳ್ಳಬೇಕೆಂದು ಹೇಳಿಬರಲು, ಗಾಡಿ ಹೊಡೆಯುತ್ತಿದ್ದ ಶಿರಾದ ಇಮಾಮ್ ಸಾಬರನ್ನು ಊರಿಗೆ ಕಳಿಸಿದರು. ಸಾಬರು ಹೋದರು. ಬಿಸಿಲು ಏರಿತು, ಇಳಿಯಿತು. ಕೊನೆಗೆ ಸಾಬರು ಬಂದು, ಹೆಣ್ಣಿನ ಕಡೆಯವರ ಉತ್ತರವನ್ನು ತಲೆ ತಗ್ಗಿಸಿ ಒಪ್ಪಿಸಿದರು.

"ಉಪ ತಾಲ್ಲೂಕಂದ್ರೆ ನಿಮ್ ತಾಲ್ಲೂಕಿನ ಒಳಗೇ ಐತಂತೆ ಸ್ವಾಮಿ. ಅದಕ್ಕೆ ಬೇರೆ ಗಡಿ ಎಲ್ಲಿ ಬಂತು, ನಿಮ್ ನೆಲದಾಗೆ ನೀವು ಬರೋಕೆ ಎದುರುಗೊಳ್ಳೋದು ಯಾಕೆ ಅಂತ ಕೇಳ್ತಾವ್ರೆ."

ದೊಡ್ಡಪ್ಪ ವರ್ಷಗಟ್ಟಲೆ ಹೇಳಿಕೊಂಡು ಬಂದದ್ದೂ ಇದನ್ನೇ. ಅದೇ ಮಾತು ತಿರುಗಿ ಬಂದಾಗ ಅವರ ಮುಖ ಕಪ್ಪಿಟ್ಟಿತು. ಹೊತ್ತು ಮುಳುಗುವುದರೊಳಗೆ ಬೀಗರು ಬರದಿದ್ದರೆ ಗಾಡಿಗಳನ್ನು ಮದ್ದಗಿರಿಗೆ ತಿರುಗಿಸುವುದೇ ಸೈ ಎಂದರು. ತಿರುಗಿಸಿದರೆ ಮದುವೆ ಮುರಿದ ಹಾಗೆಯೇ. ಅಪ್ಪ ತಮ್ಮ ಅಣ್ಣನ ಮಾತಿಗೆ ಎದುರಾಡಿದವರಲ್ಲ. ಆ ಹುಡುಗಿಯ ಮುಖ ನೆನೆದು ನನಗೆ ಅಳು ಬರುವಂತಾಯಿತು. ಅಷ್ಟರಲ್ಲಿ ನನ್ನ ಕಣ್ಣು ಇಮಾಮ್ ಸಾಬರ ಮೀಸೆಯ ಮೇಲೆ ಬಿತ್ತು. ಅದರಲ್ಲಿ ತುಪ್ಪ ಹೊಳೆಯುತ್ತಿತ್ತು. ಹತ್ತಿರ ಹೋಗಿ ಮೆಲ್ಲಗೆ ವಿಚಾರಿಸಿದೆ.

"ಒಬ್ಬಟ್ಟು ಇನ್ನೂ ಬಿಸಿ ಐತೆ ಸ್ವಾಮಿ. ಬ್ಯಾಡ ಅಂದ್ರೂ ಹಾಕ್ಬುಟ್ರು," ಎಂದರು.

ಅಷ್ಟು ಸಾಕಾಯಿತು. ಜರಿಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಊರಿನ ಕಡೆ ನಡೆದೇಬಿಟ್ಟೆ. ಹಿಂದೆ ದೊಡ್ಡಪ್ಪ ಏನೋ ಕೂಗುತ್ತಿದ್ದರು. ವರನೇ ಹೋದ ಮೇಲೆ ಬರೀ ಗಾಡಿಗಳನ್ನು ನಿಲ್ಲಿಸಿಕೊಂಡು ಅವರಾದರೂ ಏನು ಮಾಡಿಯಾರು? ಸ್ವಲ್ಪ ಹೊತ್ತಿಗೆ ಅವೂ ನನ್ನ ಹಿಂದೆ ಉರುಳಿಕೊಂಡು ಬಂದವು. ಊರಬಾಗಿಲಲ್ಲಿ ಪಾನಕ ಇಟ್ಟುಕೊಂಡು ಕಾದಿದ್ದ ಮಾವನವರು, ಮೈಯೆಲ್ಲ ಧೂಳಾಗಿ ಒಬ್ಬನೇ ಬಂದ ಅಳಿಯನನ್ನು ಕಂಡು ಗಾಬರಿಯಿಂದ ಕೈ ಹಿಡಿದುಕೊಂಡರು. ಮದುವೆ ನಡೆಯಿತು. ದೊಡ್ಡಪ್ಪ ಧಾರೆಯ ಹೊತ್ತಿಗೂ ಮುಖ ತಿರುಗಿಸಿಕೊಂಡೇ ಇದ್ದರು, ಊಟದಲ್ಲಿ ಮಾತ್ರ ಎರಡನೆಯ ಸಲ ಒಬ್ಬಟ್ಟು ಹಾಕಿಸಿಕೊಂಡರು.

ಈಗ ದೊಡ್ಡಪ್ಪನಿಲ್ಲ, ಆ ಗಾಡಿಗಳಿಲ್ಲ, ಮದ್ದಗಿರಿ ಎನ್ನುವವರೂ ಕಡಿಮೆ. ದೊಡ್ಡಪ್ಪನ ಆ ಜಂಬವನ್ನು ಇನ್ನೊಮ್ಮೆ ಕೇಳಬೇಕೆಂದು ಎಷ್ಟೋ ಸಲ ಆಸೆಯಾಗುತ್ತದೆ. ಕೊರಟಗೆರೆಯೂ ಮುಂದೆ ಪೂರ್ತಿ ತಾಲ್ಲೂಕಾಯಿತು. ಆ ಸುದ್ದಿ ಬಂದ ದಿನ ನನ್ನ ಹೆಂಡತಿ ಗಿರಿಜೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಒಬ್ಬಟ್ಟು ಮಾಡಿದಳು. ನನ್ನ ಎಲೆಗೆ ಬಡಿಸುತ್ತ, ಇನ್ನು ಮೇಲೆ ನಮ್ಮೂರಿಗೂ ಗಡಿ ಉಂಟು ಎಂದು ನಕ್ಕಳು. ನಿಮ್ಮಪ್ಪ ಅವತ್ತು ಒಳ್ಳೇ ಉತ್ತರ ಕೊಟ್ಟರು ಬಿಡು ಎಂದೆ.

"ಅಪ್ಪ ಎಲ್ಲಿ ಕೊಟ್ರು? ಸಾಬರು ಬಂದು ಹೇಳಿದಾಗ ತೋಚದೆ ನಿಂತ್ಬುಟ್ಟಿದ್ರು. ಬಾಗಿಲ ಹಿಂದಿನಿಂದ ನಾನೇ ಹೇಳಿಕೊಟ್ಟೆ," ಎಂದಳು. "ನೀವು ಗಾಡಿ ಇಳಿದು ಬರ್ತೀರೋ ಇಲ್ವೋ ನೋಡಬೇಕಿತ್ತು."

ನಾನು ಎದೆಯುಬ್ಬಿಸಿ, ಬಂದೆನಲ್ಲ ಎಂದೆ.

"ಬಂದ್ರಿ. ಯಾಕೆ ಬಂದ್ರಿ ಅಂತ ಸಾಬರು ಅವತ್ತೇ ಹೇಳಿದ್ರು. ಅದಕ್ಕೇ ಇವತ್ತಿನವರೆಗೂ ನಿಮ್ಮ ಊಟದ ಹೊತ್ತು ಮೀರಿಸಿಲ್ಲ."

ಯೋಚಿಸಿ ನೋಡಿದೆ. ಹೌದು. ಅವಳಿಗೆ ಜ್ವರ ಬಂದಾಗಲೂ, ಮನೆ ತುಂಬ ನೆಂಟರಿದ್ದಾಗಲೂ, ನಾನು ಕಚೇರಿಯಿಂದ ಬಂದು ಕೈಕಾಲು ತೊಳೆಯುವುದರೊಳಗೆ ಎಲೆ ಹಾಕಿರುತ್ತಿತ್ತು. ಅಡುಗೆ ಎಂದರೆ ತಾನಾಗಿಯೇ ಆಗುವಂಥದ್ದೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಎದ್ದು ಅವಳಿಗೆ ಏನಾದರೂ ಒಂದು ಒಳ್ಳೆಯ ಮಾತು ಹೇಳಬೇಕೆನ್ನಿಸಿತು. ಆದರೆ ಒಬ್ಬಟ್ಟು ಆರಿಹೋಗುತ್ತಿತ್ತು.