ಬೂಸಾ ತಿಂದು ಸೋದರಮಾವನಾದದ್ದು

ಊರಿನಲ್ಲಿ ಇಷ್ಟೊಂದು ಹೊಟ್ಟೆಗಳಿದ್ದರೂ ನಗೆಪಾಟಲಿಗೆ ನನ್ನ ಹೊಟ್ಟೆಯೇ ಆಗಬೇಕು. ಏನು ಮಾಡೋದು, ಪ್ರತಿಭಾವಂತರಿಗೆ ಈ ಕಾಟ ತಪ್ಪಿದ್ದಲ್ಲ.

ಸಿಡುಕು

ನಂಜನಗೂಡಿನ ಡಾಕ್ಟರು ನನ್ನ ಹೊಟ್ಟೆಯನ್ನು ಒತ್ತಿ, ತಟ್ಟಿ, ಸ್ಕ್ಯಾನ್ ಮಾಡಿಸಿ, "ರೋಗ ಏನೂ ಇಲ್ಲ. ಕರುಳಿಗೆ ಸಿಡುಕು ಜಾಸ್ತಿ, ಅಷ್ಟೆ" ಅಂದರು. ಜೊತೆಗೆ ಬಂದಿದ್ದ ನನ್ನ ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ.

"ಇವರ ಮನೆತನಕ್ಕೇ ಅದಿದೆ ಡಾಕ್ಟ್ರೇ. ಕರುಳಿಗೆ ಇಳಿದಿರೋದು ಮಾತ್ರ ಇವರಿಗೇ ಮೊದಲು."

ನಾರಿನಂಶ ಬೇಕಂತೆ. ದಿನಕ್ಕೊಂದು ಚಮಚ ಇಸಬ್‌ಗೋಲು, ಜೊತೆಗೆ ಜಾಸ್ತಿ ನೀರು, ನಿಧಾನವಾಗಿ ಹೆಚ್ಚಿಸಬೇಕಂತೆ. ನನಗೆಲ್ಲಿದೆ ನಿಧಾನ? ತಂಗಿಯ ಮಗಳ ಮದುವೆ ತಿ. ನರಸೀಪುರದ ಛತ್ರದಲ್ಲಿ ನಿಕ್ಕಿಯಾಗಿತ್ತು. ಸೋದರಮಾವ ನಾನು. ಹೆಣ್ಣಿನ ಕೈಹಿಡಿದು ಮಂಟಪಕ್ಕೆ ತಂದು, ಧಾರೆ ಮುಗಿಯುವವರೆಗೂ ಪಕ್ಕದಲ್ಲಿ ಅಲ್ಲಾಡದೆ ನಿಲ್ಲಬೇಕು. ನನ್ನ ಕರುಳೋ, ಮಂಗಳಾರತಿ ಮುಗಿಯುವಷ್ಟರಲ್ಲೇ ಕಕ್ಕಸಿಗೆ ಓಡಿಸುವ ಪೈಕಿ.

ಒಂದೇ ರಾಸು

ಆನೆಯಂಥ ಆಳಿಗೆ ಚಮಚದ ಲೆಕ್ಕವೇ? ಬೇಕಾದದ್ದು ನಾರು ತಾನೇ ಅಂತ ಹೆಂಡತಿ ಜೊತೆ ನೇರವಾಗಿ ದನದ ಮೇವಿನ ಅಂಗಡಿಗೆ ಹೋಗಿ ಒಂದು ಮೂಟೆ ಗೋಧಿ ಬೂಸಾ ಕೇಳಿದೆ. ಅಂಗಡಿಯವನು ಅವಳನ್ನು ವಿಚಾರಿಸಿದ.

"ಎಷ್ಟು ರಾಸು ಅವೆ ಅಕ್ಕಾ?"

"ಒಂದೇ."

"ಹಾಲೆಷ್ಟು ಕೊಡ್ತದೆ?"

"ಹಾಲು ಕೊಡಕಿಲ್ಲ ಕಣಪ್ಪ. ಪೆನ್ಷನ್ ತರ್ತದೆ."

ಟ್ರಾಕ್ಟರು

ಮುದ್ದೆಗೂ ಬೂಸಾ, ಮಜ್ಜಿಗೆಗೂ ಬೂಸಾ. ವಾರ ಕಳೆಯುವಷ್ಟರಲ್ಲಿ ಹೊಟ್ಟೆ ತಮಟೆಯಾಯಿತು. ಅದೇ ಹೊತ್ತಿಗೆ ತಂಗಿಯ ಮನೆಗೆ ಬೀಗರು ಬಂದರು. ಮಾತುಕತೆಯ ಮಧ್ಯೆ ನನ್ನ ಕಡೆಯಿಂದ ಒಂದು ಸದ್ದು ಹೊರಟಿತು. ಸಣ್ಣದೇನಲ್ಲ, ನಾನು ಮಾಡಿದ್ದು ಯಾವುದು ಸಣ್ಣದಿದೆ?

ಆಚೆ ಟ್ರಾಕ್ಟರ್ ಬಂದಂಗದೆ ಅಂದರು ಗಂಡಿನ ತಂದೆ. ಹೌದು, ಕಬ್ಬಿನ ಲೋಡು ಅಂದೆ. ಪಾಪ, ಅವರು ಬಾಗಿಲ ತನಕ ಹೋಗಿ ಇಣುಕಿ ನೋಡಿ, ವಾಪಸ್ ಬಂದು, ನನ್ನ ಪಕ್ಕದ ಕುರ್ಚಿ ಬಿಟ್ಟು ಕಿಟಕಿ ಹತ್ತಿರ ಕೂತರು.

ಅವರು ಹೋದಮೇಲೆ ತಂಗಿ ಬಾಯಿ ಬಿಟ್ಟಳು. "ಅಣ್ಣಾ, ಧಾರೆ ಮಧ್ಯೆ ಓಡಂಗಿದ್ರೆ ಈಗ್ಲೇ ಹೇಳ್ಬುಡು. ಬಿಳಿಗೆರೆ ದೊಡ್ಡಪ್ಪನ ಮಗನ್ನ ನಿಲ್ಲಿಸ್ತೀನಿ."

ಅವನನ್ನೇ! ಹೋದ ಮದುವೆಯಲ್ಲೆಲ್ಲ ಕಂಬದ ಹಾಗೆ ನಿಂತು ಹೆಸರು ತಗೊಂಡವನು. ಕಂಬಕ್ಕೆ ಕರುಳಿರುತ್ತದೆಯೇ?

ಲೋಟ

ಸೋತು ಇಸಬ್‌ಗೋಲಿಗೇ ಬಂದೆ. ಅದನ್ನು ಕಲಸಿದ ತಕ್ಷಣ ಕುಡಿಯಬೇಕು. ನಾನು ಲೋಟ ಹಿಡಿದುಕೊಂಡು ಪಕ್ಕದ ಮನೆಯವರಿಗೆ ನನ್ನ ಸರ್ವೀಸಿನ ಸಾಹಸಗಳನ್ನು ಹೇಳುತ್ತಾ ಕೂತೆ. ಮುಗಿಸುವಷ್ಟರಲ್ಲಿ ಅದು ಗಟ್ಟಿಯಾಗಿ, ಲೋಟ ಬೋರಲು ಹಾಕಿದರೂ ಬೀಳಲಿಲ್ಲ. ಬಾಯಲ್ಲೂ ಹಿಂಗೇ ಗಟ್ಟಿಯಾಗೋದಾದ್ರೆ ಇನ್ನೊಂದು ಡಬ್ಬಿ ತನ್ನಿ ಅಂದಳು ಹೆಂಡತಿ.

ಅಂದಿನಿಂದ ಕಲಸಿದ ಕೂಡಲೇ ಗಟಗಟ. ಮದುವೆ ಹತ್ತಿರ ಬರುವ ಹೊತ್ತಿಗೆ ಕರುಳು ನನ್ನ ಮಾತು ಕೇಳತೊಡಗಿತು. ನಮ್ಮ ಮನೆಯಲ್ಲಿ ಕೇಳುವುದು ಅದೊಂದೇ.

ಧಾರೆ

ಆದರೂ ಛತ್ರಕ್ಕೆ ಕಾಲಿಟ್ಟವನು ಮೊದಲು ನೋಡಿಕೊಂಡದ್ದು ಮಂಟಪವನ್ನಲ್ಲ, ಕಕ್ಕಸು ಎಲ್ಲಿದೆ ಅಂತ. ಆಮೇಲೆ ಹುಡುಗಿಯ ಕೈಹಿಡಿದು ತಂದು ನಿಂತೆ. ಬಿಳಿಗೆರೆಯವನು ಹೊಸ ಪಂಚೆ ಉಟ್ಟು ಮುಂದಿನ ಸಾಲಿನಲ್ಲೇ ಕೂತು, ಇವನು ಯಾವಾಗ ಓಡುತ್ತಾನೋ ಅಂತ ಕಾಯುತ್ತಿದ್ದ. ಪುರೋಹಿತರು ಮಂತ್ರ ಶುರುಮಾಡಿದರು. ನನ್ನ ಕರುಳು ಋಷಿಯಂತೆ ಶಾಂತ.

ಆಗ ಮದುಮಗನ ಹಣೆ ಬೆವರಿತು. ಅದು ನನಗೆ ಚೆನ್ನಾಗಿ ಪರಿಚಯವಿರುವ ಬೆವರು. ಅವನು ನನ್ನ ಕಿವಿಯ ಹತ್ತಿರ ಬಂದು, "ಮಾವ, ಎಲ್ಲದೆ?" ಅಂದ.

ಏನು ಅಂತ ಕೇಳಲು ನಾನೇನು ದಡ್ಡನೇ? ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವನ ಕೈಹಿಡಿದು, ತುಂಬಿದ ಸಭೆಯ ನಡುವೆ ಎಳೆದುಕೊಂಡು, ಅಡುಗೆಮನೆ ದಾಟಿಸಿ ಒಳಗೆ ಕಳಿಸಿದೆ. ಬಾಸಿಂಗ, ಹಾರ ಎರಡನ್ನೂ ಹಿಡಿದುಕೊಂಡು ಬಾಗಿಲಲ್ಲಿ ಕಾವಲು ನಿಂತೆ.

ತಂಗಿ ಓಡಿಬಂದಳು. "ನೀನು ಓಡಬೇಡ ಅಂದ್ರೆ ಗಂಡನ್ನೇ ಓಡಿಸ್ಕಂಡ್ ಬಂದ್ಯಲ್ಲಣ್ಣ. ಬಿಳಿಗೆರೆಯವನು ಆಗ್ಲೇ ಮಂಟಪ ಹತ್ತಿ ನಿಂತವ್ನೆ. ನೀನು ಇಲ್ಲೇ ಇರು."

ಅಷ್ಟರಲ್ಲಿ ಬಾಗಿಲ ಒಳಗಿಂದ ಅಳಿಯನ ದನಿ ಬಂತು.

"ಅತ್ತೆ, ಈ ಮಾವನ್ನೇ ನಿಲ್ಲಿಸಿ. ಇಲ್ದಿದ್ರೆ ನಾನು ಈಚೆಗೇ ಬರಕಿಲ್ಲ."