ಮಾವನ ಪ್ರಾರ್ಥನೆಗೆ ಆಮೆನ್ ಹೇಳುವವರು ಯಾರು?

ದೇವರಿಗೆ ಬಾಯಿ ತೆರೆಯಲು ಅವಕಾಶವನ್ನೇ ಕೊಡದ ಮನುಷ್ಯ ಈ ತಿಪಟೂರು ಸೀಮೆಯಲ್ಲಿ ಯಾರಾದರೂ ಇದ್ದರೆ ಅವನು ನನ್ನ ಸೋದರಮಾವ. ಉತ್ಪ್ರೇಕ್ಷೆ ಅಂದುಕೊಂಡಿರಾ? ನಮ್ಮ ಚರ್ಚಿನ ಸಭೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅವನು ಕಣ್ಣು ಮುಚ್ಚಿ "ಕರ್ತನೇ" ಅಂದನೆಂದರೆ ಸಾಕು, ಹಿಂದಿನ ಬೆಂಚಿನವರು ಬೆನ್ನಿಗೆ ಗೋಡೆ ಹುಡುಕಿಕೊಳ್ಳುತ್ತಿದ್ದರು, ತಾಯಂದಿರು ಮಕ್ಕಳ ಕೈಗೆ ಬಿಸ್ಕತ್ತು ಕೊಡುತ್ತಿದ್ದರು. ಜಗತ್ತಿನ ಸೃಷ್ಟಿಯಿಂದ ಶುರುವಾದ ಪ್ರಾರ್ಥನೆ ತೆಂಗಿಗೆ ಬಿದ್ದ ನುಸಿ, ಸಭಾಪಾಲಕರ ಗ್ಯಾಸ್ಟ್ರಿಕ್ಕು, ಬಿಳಿಗೆರೆ ಕಡೆಯ ಕರೆಂಟು, ನಮ್ಮ ಬೀದಿ ನಾಯಿಯ ಕಿವಿಯ ಹುಣ್ಣು, ಎಲ್ಲವನ್ನೂ ಮುಟ್ಟಿಕೊಂಡು ಬರಬೇಕು. ದೇವರಿಗೆ ಗೊತ್ತಿಲ್ಲದ ಸಂಗತಿಯೇ ಇಲ್ಲ ಎಂದು ಭಾನುವಾರ ಶಾಲೆಯಲ್ಲಿ ನಮಗೆ ಕಲಿಸಿದವನೂ ಇವನೇ! ಹಾಗಿದ್ದ ಮೇಲೆ ಇಷ್ಟೆಲ್ಲ ವರದಿ ಯಾಕೆ ಒಪ್ಪಿಸಬೇಕು ಎಂದು ಕೇಳಿದರೆ, ಗೊತ್ತಿರುತ್ತದೆ, ಆದರೂ ನಾವು ಹೇಳಿದರೆ ಒಂದು ಸಮಾಧಾನ ಎನ್ನುತ್ತಿದ್ದ. ಯಾರಿಗೆ ಸಮಾಧಾನ ಎಂದು ಮಾತ್ರ ಹೇಳುತ್ತಿರಲಿಲ್ಲ.

ಇಂಥ ಪ್ರಾರ್ಥನೆಯನ್ನು ನಿಲ್ಲಿಸುವ ಅಧಿಕಾರ ಇಡೀ ಲೋಕದಲ್ಲಿ ಒಬ್ಬಳಿಗಿತ್ತು. ಅವನ ಹೆಂಡತಿ, ನನ್ನ ಅತ್ತೆಗೆ. ಸಭೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವುದು ಪದ್ಧತಿ. ಆದರೆ ಅತ್ತೆ ನಡುವಿನ ದಾರಿಯ ಅಂಚಿಗೇ ಕೂರುತ್ತಿದ್ದಳು, ಮಾವನನ್ನೂ ಈಚೆ ಅಂಚಿಗೇ ಕೂರಿಸುತ್ತಿದ್ದಳು. ಕೈಗೆ ಎಟುಕಬೇಕಲ್ಲ! ಒಂದು ಹದಕ್ಕೆ ಕಾದು, ಕೈ ಚಾಚಿ, ಅವನ ಅಂಗಿಯ ಅಂಚನ್ನು ಮೆಲ್ಲಗೆ ಜಗ್ಗಿ, "ಆಮೆನ್" ಎನ್ನುತ್ತಿದ್ದಳು. ಅದನ್ನೇ ಕಾಯುತ್ತಿದ್ದ ಇಡೀ ಸಭೆ ಚಾವಣಿ ಹಾರುವಂತೆ "ಆಮೆನ್" ಎನ್ನುತ್ತಿತ್ತು. ಅಷ್ಟು ಶ್ರದ್ಧೆಯ ಆಮೆನ್ ನೀವು ಬೇರೆ ಯಾವ ಊರಿನಲ್ಲೂ ಕೇಳಿರಲಾರಿರಿ.

ಒಮ್ಮೆ ಅತ್ತೆಗೆ ಜ್ವರ ಬಂದು, ಶೆಟ್ಟಿಕೆರೆಯ ನೆಂಟರ ಮನೆ ಪ್ರಾರ್ಥನೆಗೆ ಮಾವ ನನ್ನೊಬ್ಬಳನ್ನೇ ಕರೆದುಕೊಂಡು ಹೋಗಿದ್ದ. ಜಗ್ಗುವವರಿಲ್ಲದ ಅಂಗಿ! ಹೊರಗೆ ಕೊನೆಯ ಬಸ್ಸಿನ ಹಾರ್ನ್ ಕೇಳಿತು. ಮಾವನಿಗೂ ಕೇಳಿತು. ಕಣ್ಣು ತೆರೆದು ಓಡುವುದು ಬಿಟ್ಟು, "ಕರ್ತನೇ, ಆ ಡ್ರೈವರಿಗೆ ಸ್ವಲ್ಪ ತಾಳ್ಮೆ ಕೊಡು" ಎಂದು ಬಸ್ಸನ್ನೂ ಪ್ರಾರ್ಥನೆಗೆ ಸೇರಿಸಿಕೊಂಡ. ಡ್ರೈವರಿಗೆ ತಾಳ್ಮೆ ಬರಲಿಲ್ಲ. ಆ ರಾತ್ರಿ ನಾವು ನೆಂಟರ ಮನೆಯ ಚಾಪೆಯ ಮೇಲೆ ಮಲಗಿದೆವು.

ಇದನ್ನೆಲ್ಲ ನಗುತ್ತ ಹೇಳುತ್ತಿದ್ದೇನೆ, ನಗು ಬರುವಷ್ಟು ದೂರ ಮಾತ್ರ. ಕಳೆದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಹಾಲು ಕಾಯಿಸುತ್ತಿದ್ದವಳು ಅಲ್ಲೇ ಕುಸಿದಳು. ಬಲಗೈ, ಬಲಗಾಲು, ಮಾತು, ಎಲ್ಲ ಒಂದೇ ಬೆಳಗ್ಗೆ ಹೋದವು. ಕಾಲು ಸ್ವಲ್ಪ ಮರಳಿತು, ಹಿಡಿದುಕೊಂಡರೆ ಹಿತ್ತಿಲ ಜಗಲಿಯವರೆಗೆ ಬರುತ್ತಾಳೆ. ಮಾತು ಬರಲಿಲ್ಲ. ಬಂದರೂ ಬರಬಹುದು, ಏನೂ ಹೇಳಲಾಗದು ಎಂದರು ಡಾಕ್ಟರು. ಮಕ್ಕಳಿಲ್ಲದ ಈ ಇಬ್ಬರೇ ನನ್ನನ್ನು ಸಾಕಿದವರು. ನಾನು ಪೇಟೆಯ ಶಾಲೆಯಲ್ಲಿ ಪಾಠ ಮಾಡಿಕೊಂಡು ಇವರ ಜೊತೆಯಲ್ಲೇ ಇದ್ದೇನೆ. ತೋಟದ ನಡುವೆ ಮನೆ, ಮನೆಯ ತಲೆಯ ಮೇಲೆ ಕಾಯಿ ತುಂಬಿದ ಅಟ್ಟ, ಕೆಳಗೆ ಆಮೆನ್ ಇಲ್ಲದ ಮಾವ. ನನ್ನ ಗತಿ ಏನು ಹೇಳಿ! ರಾತ್ರಿಯ ಮನೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸಾರು ತಣ್ಣಗಾಗಿ ಮುದ್ದೆ ಕಲ್ಲಾಗಿರುತ್ತಿತ್ತು. ನಾನು ಒಂದೆರಡು ಸಲ ಅಂಗಿ ಜಗ್ಗಿ ನೋಡಿದೆ. ಸೊಳ್ಳೆ ಕಚ್ಚಿತೇನೋ ಎಂಬಂತೆ ಕೊಡವಿಕೊಂಡು ಮುಂದುವರಿಸಿದ.

ಹೀಗಿರುವಾಗ ಒಂದು ಭಾನುವಾರ ನಮ್ಮ ಸಭಾಪಾಲಕರು, ದಿನವೂ ಬೆಳಗ್ಗೆ ಎಲ್ಲ ಕೆಲಸಕ್ಕಿಂತ ಮೊದಲು ದೇವರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಎಂದು ಉಪದೇಶ ಮಾಡಿದರು. ನಾವೇ ಒಂದೇ ಸಮನೆ ಹರಟುತ್ತಿದ್ದರೆ ಆತನ ದನಿ ಕೇಳುವುದು ಹೇಗೆ ಎಂದರು. ಇಡೀ ಸಭೆ, ಬಿಸ್ಕತ್ತು ತಿನ್ನುತ್ತಿದ್ದ ಮಕ್ಕಳೂ ಸೇರಿ, ಮಾವನ ಕಡೆ ತಿರುಗಿ ನೋಡಿತು. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಮಾವ ಮನೆಗೆ ಬಂದವನೇ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, ಅತ್ತೆಗೆ ಕೇಳಿಸದಂತೆ ಒಂದು ಗುಟ್ಟು ಹೇಳಿದ. "ನಾನು ಇಷ್ಟ್ ವರ್ಸ ಆತಂಗೆ ಮಾತಾಡಾಕೆ ಬುಟ್ಟೇ ಇಲ್ಲ ಕಣಮ್ಮ. ಈಗ ನಾನ್ ಬಾಯಿ ಮುಚ್ಕತೀನಿ. ಆತ ಇವಳ ಬಾಯಿ ತೆಗೀಲಿ."

ದೇವರ ಜೊತೆ ಚೌಕಾಸಿ! ಹಾಗೆಲ್ಲ ಆಗುವುದಿಲ್ಲ ಎಂದು ಹೇಳಬೇಕು ಅನ್ನಿಸಿತು. ಅವನ ಮುಖ ನೋಡಿದ ಮೇಲೆ, ಆಗಲಿ ಮಾವ ಎಂದೆ.

ಮೊದಲನೆಯ ಬೆಳಗ್ಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಉಸಿರು ಬಿಗಿಹಿಡಿದು ಒಲೆಯ ಮುಂದೆ ನಿಂತೆ. ಒಗ್ಗರಣೆಯ ಸಾಸಿವೆ ಸಿಡಿಯುವಷ್ಟರಲ್ಲಿ ಒಳಗಿಂದ, ಹಾಲಿನವನು ಬಂದನೇ ಎಂದು ಕೇಳಿತು. ಮರುದಿನ ಬಾಯಿಗೆ ಟವೆಲ್ಲು ಕಟ್ಟಿಕೊಂಡು ಕೂತ. ಟವೆಲ್ಲಿನೊಳಗೇ ದೇವರಿಗೆ ಏನೇನೋ ಹೇಳುತ್ತಿದ್ದದ್ದು ಹೊರಗೆ ಚೆನ್ನಾಗಿಯೇ ಕೇಳುತ್ತಿತ್ತು. ಆಮೇಲೆ ತೋಟಕ್ಕೆ ಹೋಗಿ ಕೂತ. ಅಲ್ಲಿ ಇರುವೆಗಳ ಜೊತೆ ಜಗಳ ಮಾಡಿಕೊಂಡು ಬಂದ. ಬಾಯಿಗೆ ಬೀಗ ಹಾಕಿದರೆ ಕಾಲು ಮಾತಾಡುತ್ತದೆ, ಕಾಲು ಹಿಡಿದರೆ ಗಂಟಲು ಕೆಮ್ಮುತ್ತದೆ. ಇಂಥವನನ್ನು ತಿದ್ದುವುದು ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ ಎಂದು ನಾನು ಕೈ ಚೆಲ್ಲಿದೆ.

ಮಾವ ಚೆಲ್ಲಲಿಲ್ಲ. ಪಕ್ಕದ ತೋಟದ ಗುರುಸಿದ್ದಪ್ಪನವರ ಹತ್ತಿರ ಹೋದ. ಅವರು ದಿನವೂ ಬೆಳಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಪೂಜೆ ಮುಗಿಯುವವರೆಗೆ ಒಂದು ಮಾತಿಲ್ಲ. ಕೊಬ್ಬರಿ ಕೊಳ್ಳಲು ಬಂದವರು ಜಗಲಿಯಲ್ಲಿ ಕಾಯುತ್ತಾರೆ. ಇದು ನಿಮಗೆ ಹೇಗೆ ಸಾಧ್ಯ ಎಂದು ಮಾವ ಕೇಳಿದನಂತೆ. ಕೈಯಲ್ಲಿ ಲಿಂಗ ಇರುತ್ತದೆ, ಕಣ್ಣು ಅಲ್ಲೇ ಇರುತ್ತದೆ, ಕಣ್ಣಿರುವ ಕಡೆ ಮನಸ್ಸೂ ಇರುತ್ತದೆ ಎಂದು ಅವರು ಹೇಳಿದರಂತೆ. ಆಮೇಲೆ ಅವರೇ, "ನಿನ್ ಕೈಲಿ ಏನೈತಪ್ಪ?" ಎಂದು ಕೇಳಿದರಂತೆ. ಮಾವನ ಕೈಯಲ್ಲಿ ಹುಟ್ಟಿದಾಗಿನಿಂದ ಇರುವುದು ಒಂದೇ, ತೆಂಗಿನಕಾಯಿ.

ಸರಿ, ಮರುದಿನದಿಂದ ಅಟ್ಟ ಹತ್ತಿದ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೇಗೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಕತ್ತಲೆಯಲ್ಲಿ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಕುಳುಕುಳು, ಉಂಡೆಯಾಗಿದ್ದರೆ ಗಡಗಡ. ಅಟ್ಟದ ಕತ್ತಲು, ಬಾಗಿಲು ಮುಚ್ಚಿದ ಏಕಾಂತ, ಕೈಯಲ್ಲೊಂದು ಕಾಯಿ. ಮೌನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಆ ಬೆಳಗ್ಗೆ ಮಾತೇ ಕೇಳಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಕಡೆಗೆ ಮಾವ ಏಣಿ ಇಳಿದು ಬಂದ. ಮೈಯೆಲ್ಲ ಜೇಡರ ಬಲೆ. ಪ್ರಾರ್ಥನೆ ಆಯಿತೇ ಎಂದು ಕೇಳಿದೆ.

"ಆಯ್ತು ಕಣಮ್ಮ" ಎಂದ. "ಒಂದ್ ಚೀಲ ಆಯ್ತು."

ಕೈ ಕೇಳಬೇಕಲ್ಲ! ಕಣ್ಣು ಮುಚ್ಚಿ ಕೂತವನ ಕೈ ತನ್ನ ಪಾಡಿಗೆ ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿ, ಆದದ್ದನ್ನು ಒಂದು ಕಡೆ, ಆಗದ್ದನ್ನು ಒಂದು ಕಡೆ ಹಾಕಿಬಿಟ್ಟಿತ್ತು. ದೇವರ ದನಿ ಕೇಳಲು ಹೋದವನು ಇಡೀ ಬೆಳಗ್ಗೆ ಕೊಬ್ಬರಿಯ ದನಿ ಕೇಳಿಕೊಂಡು ಬಂದಿದ್ದ.

ದಿನಗಳು ಹೋದವು. ಅಟ್ಟದ ಕಾಯೆಲ್ಲ ವಿಂಗಡವಾಯಿತು. ಅತ್ತೆಯ ಮಾತು ಬರಲಿಲ್ಲ. ಒಂದು ಬೆಳಗ್ಗೆ ಶಾಲೆಗೆ ಹೊತ್ತಾಯಿತೆಂದು ನಾನೇ ಕಾಫಿ ಹಿಡಿದು ಏಣಿ ಹತ್ತಿದೆ. ಮಾವ ಒಂದು ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಲೇ ಇದ್ದ. ನನಗೂ ಕೊಟ್ಟ. ಅಲ್ಲಾಡಿಸಿದೆ. ಕುಳುಕುಳು ಇಲ್ಲ, ಗಡಗಡವೂ ಇಲ್ಲ. ಕೆಟ್ಟಿದೆಯೇ ಎಂದು ಕೇಳಿದೆ. ಕೆಟ್ಟಿಲ್ಲ, ನೀರು ಇಂಗಿದೆ, ಕೊಬ್ಬರಿ ಇನ್ನೂ ಬಿಟ್ಟುಕೊಂಡಿಲ್ಲ, ಇಂಥದ್ದನ್ನು ಒಡೆಯಬಾರದು ಎಂದು ವಾಪಸು ಇಟ್ಟ. ನನಗೆ ಸಿಟ್ಟು ಬಂದಿತ್ತು. ಸ್ವಲ್ಪ ಹೊತ್ತು ಕೈ ಬಾಯಿ ಎರಡನ್ನೂ ಸುಮ್ಮನಿಟ್ಟುಕೊಂಡು ಕೂರಲು ನಿನಗೆ ಏನು ಕಷ್ಟ ಮಾವ ಎಂದು ಜೋರಾಗಿಯೇ ಕೇಳಿಬಿಟ್ಟೆ.

ಅವನು ಕಾಫಿ ಮುಟ್ಟಲಿಲ್ಲ. "ಭಯ ಕಣಮ್ಮ" ಎಂದ. "ಸುಮ್ಕೆ ಕೂತ್ರೆ ಆತ ಮಾತಾಡ್ತಾನೆ ಅಂತಾರೆ ನಮ್ ಸಭೆ ಅಯ್ಯನೋರು. ಮಾತಾಡಿ, ಇವಳು ಇನ್ ಮಾತಾಡಕ್ಕಿಲ್ಲ ಅಂದ್ಬುಟ್ರೆ? ಅದನ್ ಕೇಳುಸ್ಕಂಡು ನಾನ್ ಹೆಂಗ್ ಕೆಳಗಿಳೀಲಿ?"

ಆ ಕಾಫಿಯನ್ನು ಹಿಡಿದು ನಾನೇ ಏಣಿ ಇಳಿದೆ. ಇದಕ್ಕೆ ಸಭಾಪಾಲಕರ ಹತ್ತಿರವಾದರೂ ಉತ್ತರ ಇದ್ದೀತು ಎಂದು ನನಗೆ ಅನ್ನಿಸಲಿಲ್ಲ.

ಆ ವಾರ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತು. ದೇವರು ನಮಗೆ ಮಾಡಿದ್ದನ್ನು ಎದ್ದು ನಿಂತು ಹೇಳುವ ಸಮಯ ಅದು. ಮಾವ ಎದ್ದ. ಜನ ರೂಢಿಯಂತೆ ಬೆನ್ನಿಗೆ ಗೋಡೆ ಹುಡುಕಿಕೊಂಡರು. ಬಿಸ್ಕತ್ತಿನ ಪೊಟ್ಟಣಗಳು ಬಿಚ್ಚಿಕೊಂಡವು. ಮಾವ ಅತ್ತ ಇತ್ತ ನೋಡಿ, "ಹೇಳಾಕೆ ಏನೂ ಇಲ್ಲ" ಎಂದು ಕೂತುಬಿಟ್ಟ. ಯಾರೂ ಆಮೆನ್ ಅನ್ನಲಿಲ್ಲ. ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಅವತ್ತಿನಿಂದ ಮಾವ ನಿಜವಾಗಿಯೂ ಸುಮ್ಮನಾದ. ಬೆಳಗ್ಗೆ ಅಟ್ಟ ಹತ್ತಲಿಲ್ಲ, ಅತ್ತೆಯನ್ನು ಹಿಡಿದು ಜಗಲಿಗೆ ತಂದು ಕೂರಿಸಿ ತಾನೂ ಪಕ್ಕದಲ್ಲಿ ಕೂತ. ಹಾಲಿನವನನ್ನು ವಿಚಾರಿಸಲಿಲ್ಲ. ಇರುವೆಗಳನ್ನು ಬೈಯಲಿಲ್ಲ. ರಾತ್ರಿ ಮನೆ ಪ್ರಾರ್ಥನೆಯನ್ನು ನಾನೇ ಮಾಡಿದೆ, ಮುದ್ದೆ ಬಿಸಿಯಾಗಿಯೇ ಇತ್ತು, ಅರ್ಧ ತಟ್ಟೆಯಲ್ಲೇ ಉಳಿಯಿತು. ಇವನ ಬಾಯಿಗೆ ಬೀಗ ಬೀಳಲಿ ಎಂದು ಚಿಕ್ಕಂದಿನಿಂದ ಹರಸಿಕೊಂಡವಳು ನಾನು. ಬಿದ್ದ ಬೀಗ ನೋಡಿ ಎದೆ ಒಡೆಯಿತು. ದೇವರ ಮುಂದೆ ಸುಮ್ಮನೆ ಕೂರುವುದು ಬೇರೆ, ಹೇಳಲು ಏನೂ ಉಳಿಯದೆ ಕೂರುವುದು ಬೇರೆ. ನಮ್ಮ ಮನೆಗೆ ಬಂದಿದ್ದು ಎರಡನೆಯದು.

ಹಾಗೆ ಒಂದು ಬೆಳಗ್ಗೆ ಅವರಿಬ್ಬರೂ ಜಗಲಿಯಲ್ಲಿ ಕೂತಿದ್ದರು. ಮಾವನ ಕೈಯಲ್ಲಿ ಕಾಯಿ ಕೂಡ ಇರಲಿಲ್ಲ. ನಾನು ಒಲೆಯ ಮುಂದಿನಿಂದ ಕಿಟಕಿಯಲ್ಲಿ ನೋಡುತ್ತಿದ್ದೆ. ಅತ್ತೆಯ ಎಡಗೈ ನಿಧಾನವಾಗಿ ಸೀರೆಯ ಮಡಿಲಿನಿಂದ ಎದ್ದಿತು. ತಡವರಿಸಿ, ಹುಡುಕಿ, ಅವನ ಅಂಗಿಯ ಅಂಚನ್ನು ಹಿಡಿದು ಜಗ್ಗಿತು.

ಮಾವ ಬೆಚ್ಚಿ ತಿರುಗಿದ. ಪ್ರಾರ್ಥನೆಯನ್ನೇ ಶುರು ಮಾಡಿಲ್ಲ, ನಿಲ್ಲಿಸುವುದು ಏನನ್ನು? ನೀರು ಬೇಕೇ ಎಂದು ಸನ್ನೆ ಮಾಡಿದ. ಒಳಗೆ ಹೋಗೋಣವೇ ಎಂದು ಸನ್ನೆ ಮಾಡಿದ. ಅತ್ತೆ ಬೇಡವೆಂದು ತಲೆಯಾಡಿಸಿದಳು. ಅವನ ಬಾಯಿಯನ್ನೇ ನೋಡುತ್ತ ಮತ್ತೆ ಜಗ್ಗಿದಳು. ಮತ್ತೆ ಜಗ್ಗಿದಳು.

"ಮಾತಾಡ್ಲೇನೇ?" ಎಂದ ಮಾವ, ಮಗುವಿನ ದನಿಯಲ್ಲಿ.

ಅತ್ತೆ ಕಣ್ಣು ಮುಚ್ಚಿಕೊಂಡಳು. ಪ್ರಾರ್ಥನೆಗೆ ಅವಳು ಯಾವಾಗಲೂ ಮುಚ್ಚಿಕೊಳ್ಳುತ್ತಿದ್ದುದೇ ಹಾಗೆ. ಮಾವನೂ ಮುಚ್ಚಿಕೊಂಡ.  ಆಮೇಲೆ, "ಕರ್ತನೇ" ಎಂದು ಶುರುಮಾಡಿದ. ಹಾಲಿನವನು ಇವತ್ತು ಬಂದಿಲ್ಲ ಎಂದ. ಬೀದಿ ನಾಯಿಯ ಕಿವಿ ವಾಸಿಯಾಗಿದೆ ಎಂದ. ನುಸಿ, ಗ್ಯಾಸ್ಟ್ರಿಕ್ಕು, ಕರೆಂಟು, ಎಲ್ಲವೂ ಒಂದೊಂದಾಗಿ ಬಂದವು. ನಡುವೆ ಒಂದು ಕಡೆ ತಡೆದು ನಿಂತು, "ಇವಳ ವಿಸ್ಯ ನಾನ್ ಕೇಳಕ್ಕಿಲ್ಲ, ಭಯ ಆಯ್ತದೆ, ನಿಂಗೇ ಬುಟ್ಟಿದೀನಿ" ಎಂದ. ಎಂದು, ಮತ್ತೆ ಮುಂದುವರಿಸಿದ.

ಒಲೆಯ ಮೇಲೆ ಅನ್ನ ಉಕ್ಕಿತು. ಶಾಲೆಗೆ ಹೊತ್ತಾಯಿತು, ಬಸ್ಸೂ ಹೋಯಿತು. ಅತ್ತೆಯ ಎಡಗೈ ಅಂಗಿಯ ಅಂಚನ್ನು ಹಿಡಿದುಕೊಂಡೇ ಇತ್ತು, ಜಗ್ಗಲಿಲ್ಲ. ಆಮೆನ್ ನನ್ನ ಬಾಯಿಯ ತುದಿಗೆ ಬಂದಿತ್ತು. ನಾನು ಹೇಳಲಿಲ್ಲ.